ತೆರೆಯ ಮೇಲೆ ಮನೆ, ಕಾಗದದ ಮೇಲೆ ಹಕ್ಕು

ಕೋವಿಡ್‌ನಿಂದ ದೇಶದಲ್ಲಿ ದಾಖಲಾದ ಮೊದಲ ಸಾವು ಕಲಬುರಗಿಯದು. 2020ರ ಮಾರ್ಚ್ 10ರಂದು 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅದು ಸೋಂಕಿನಿಂದಾದ ಸಾವೆಂದು ಎರಡು ದಿನಗಳ ನಂತರ ದೃಢಪಟ್ಟಿತು. ಅದೇ ತಿಂಗಳ 25ರಂದು ಇಡೀ ದೇಶವೇ ಬಾಗಿಲು ಹಾಕಿಕೊಂಡಿತು. ಆ ಕಾಲದ ಆಸ್ಪತ್ರೆಗಳ ಬಗ್ಗೆ, ಆಮ್ಲಜನಕದ ಕೊರತೆಯ ಬಗ್ಗೆ, ಕಾಲ್ನಡಿಗೆಯಲ್ಲಿ ಊರಿಗೆ ಮರಳಿದ ಕಾರ್ಮಿಕರ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಅದೇ ಹೊತ್ತಿನಲ್ಲಿ ನಮ್ಮ ಆಸ್ತಿ ವ್ಯವಹಾರದಲ್ಲಿ ಸದ್ದಿಲ್ಲದೆ ನಡೆದುಹೋದ ಒಂದು ಬದಲಾವಣೆ ಚರ್ಚೆಗೆ ಬಂದದ್ದು ಕಡಿಮೆ. ಹೊಸ್ತಿಲು ದಾಟದೆ, ಮೊಬೈಲ್ ತೆರೆಯ ಮೇಲಷ್ಟೇ ನೋಡಿ ಮನೆಯ ಬೆಲೆ ಮಾತನಾಡುವ ಪದ್ಧತಿ ಆಗ ಶುರುವಾಯಿತು. ಮಹಾನಗರಗಳ ಅಪಾರ್ಟ್‌ಮೆಂಟುಗಳಲ್ಲಿ ಮಾತ್ರವಲ್ಲ, ಚಿತ್ತಾಪುರದಂತಹ ತಾಲ್ಲೂಕು ಕೇಂದ್ರಗಳ ಹಳೆಯ ಮನೆಗಳಲ್ಲೂ ಅದು ನಡೆಯಿತು. ಅದರ ಲಾಭವೇನು, ಅಪಾಯವೇನು ಎಂಬುದನ್ನು ಸಾವಧಾನವಾಗಿ ಪರಿಶೀಲಿಸುವ ಕಾಲ ಈಗ ಬಂದಿದೆ.

ಚಿತ್ತಾಪುರ, ವಾಡಿ, ಶಹಾಬಾದ್, ಸೇಡಂ, ಚಿಂಚೋಳಿ ಈ ಸೀಮೆಯ ಸ್ವರೂಪವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಮುಂಬೈ–ಚೆನ್ನೈ ರೈಲು ಮಾರ್ಗದಿಂದ ಸಿಕಂದರಾಬಾದ್ ಕಡೆಗೆ ಹಳಿ ಕವಲೊಡೆಯುವುದು ವಾಡಿಯಲ್ಲಿ. 1874ರಷ್ಟು ಹಿಂದೆಯೇ ನಿಜಾಮರ ರೈಲ್ವೆ ಇಲ್ಲಿಗೆ ಬಂತು. ಹಾಸುಗಲ್ಲಿನ ಗಣಿ, ಸುಣ್ಣದ ಕಲ್ಲನ್ನು ನಂಬಿ ಬಂದ ಸಿಮೆಂಟ್ ಕಾರ್ಖಾನೆ, ರೈಲು ಇವು ಮೂರೂ ಸೇರಿ ಹೊರಗಿನ ಜನರನ್ನು ಇಲ್ಲಿಗೆ ತಂದವು. ಇಲ್ಲಿನ ಮಕ್ಕಳನ್ನು ಹೈದರಾಬಾದ್, ಸೊಲ್ಲಾಪುರ, ಪುಣೆ, ಮುಂಬೈಗೆ ಕರೆದೊಯ್ದವು. ಹೀಗಾಗಿ ಊರಿನ ಎಷ್ಟೋ ಮನೆಗಳ ಹಕ್ಕುದಾರರು ಊರಿನಲ್ಲಿಲ್ಲ. ಹಬ್ಬಕ್ಕೋ ಜಾತ್ರೆಗೋ ಮದುವೆಗೋ ಬಂದು ಬೀಗ ತೆಗೆದು, ಕಸ ಗುಡಿಸಿ, ಮತ್ತೆ ಬೀಗ ಹಾಕಿ ಹೋಗುವುದು ವಾಡಿಕೆ. 2020ರ ಮಾರ್ಚ್ 22ರ ರಾತ್ರಿಯಿಂದ ಪ್ರಯಾಣಿಕರ ರೈಲುಗಳು ನಿಂತಾಗ ಈ ವಾಡಿಕೆಯೇ ಕಡಿದುಬಿತ್ತು. ಸರಕು ಗಾಡಿಗಳು ಓಡುತ್ತಿದ್ದವು, ಮನುಷ್ಯರು ಓಡಾಡುವಂತಿರಲಿಲ್ಲ.

ಆದರೆ ಮನೆ ಮಾರಬೇಕಾದ ಪ್ರಸಂಗಗಳು ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ಅವು ಹೆಚ್ಚಿದವು. ನೌಕರಿ ಹೋದವರಿದ್ದರು, ವ್ಯಾಪಾರ ಕುಸಿದವರಿದ್ದರು, ಮನೆಯ ಹಿರಿಯರನ್ನು ಕಳೆದುಕೊಂಡವರಿದ್ದರು, ಚಿಕಿತ್ಸೆಗಾಗಿ ಸಾಲದಲ್ಲಿ ಮುಳುಗಿದವರಿದ್ದರು. ಎರಡನೆಯ ಅಲೆಯ ಕಾಲದಲ್ಲಿ, 2021ರ ಏಪ್ರಿಲ್ 27ರಿಂದ ಕರ್ನಾಟಕದಲ್ಲಿ ಮತ್ತೆ ನಿರ್ಬಂಧ ಜಾರಿಯಾದಾಗ, ನನಗೆ ಪರಿಚಯವಿದ್ದ ಒಂದು ಕುಟುಂಬ ಇಂಥದೇ ಇಕ್ಕಟ್ಟಿಗೆ ಸಿಲುಕಿತು. ತಂದೆ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಹಿರಿಯ ಮಗ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿದ್ದ. ಕಿರಿಯವನು ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ. ಚಿತ್ತಾಪುರದಲ್ಲಿ ಇದ್ದದ್ದು ಅಜ್ಜ ಕಟ್ಟಿಸಿದ ಮನೆ ಮಾತ್ರ. ಪಕ್ಕದ ಮನೆಯವರು ಕೊಳ್ಳಲು ಸಿದ್ಧರಿದ್ದರು. ಆದರೆ ಮಾರುವವರ ಅವಸರ ತಿಳಿದಿದ್ದ ಅವರು ಹೇಳಿದ ಬೆಲೆ ತೀರ ಕಡಿಮೆ.

ಆಗ ಸೊಲ್ಲಾಪುರದಲ್ಲಿ ನೆಲೆಸಿದ್ದ, ಮೂಲತಃ ವಾಡಿ ಕಡೆಯವರಾದ ನಿವೃತ್ತ ರೈಲ್ವೆ ನೌಕರರೊಬ್ಬರು ಆಸಕ್ತಿ ತೋರಿದರು. ಅವರು ಬರುವಂತಿರಲಿಲ್ಲ, ಮಾರುವವರೂ ಬರುವಂತಿರಲಿಲ್ಲ. ಬೀಗದ ಕೈ ಇದ್ದದ್ದು ಎದುರು ಮನೆಯವರ ಬಳಿ. ಆ ಮನೆಯ ಕಾಲೇಜು ಓದುವ ಹುಡುಗಿ ಫೋನು ಹಿಡಿದು ಮನೆ ತೋರಿಸುವುದೆಂದಾಯಿತು. ದಸ್ತಾವೇಜು ಓದುವ ಅಭ್ಯಾಸ ಸರ್ಕಾರಿ ಸೇವೆಯಿಂದ ನನಗೆ ಬಂದದ್ದರಿಂದ, ನೀವೂ ಒಂದಿಷ್ಟು ನೋಡಿ ಎಂದು ಕುಟುಂಬದವರು ನನ್ನನ್ನು ಆ ವಾಟ್ಸ್‌ಆ್ಯಪ್ ಕರೆಗೆ ಸೇರಿಸಿದರು. ನಾಲ್ಕು ಊರುಗಳು ಒಂದು ಅಂಗೈಯಗಲದ ಗಾಜಿನಲ್ಲಿ ಕೂಡಿದವು.

ಮೊದಲು ಗಮನಕ್ಕೆ ಬಂದದ್ದು ಕ್ಯಾಮೆರಾ ಏನನ್ನು ತೋರಿಸಲಾರದು ಎಂಬುದು. ಪಡಸಾಲೆ ಕಂಡಿತು, ಕಂಬಗಳು ಕಂಡವು, ಶಹಾಬಾದ್ ಫರಸಿ ಹಾಸಿದ ನೆಲ ಕಂಡಿತು. ಆದರೆ ಮೇ ತಿಂಗಳ ಮಧ್ಯಾಹ್ನ ಹೊರಗೆ ಬಿಸಿಲು ಸುಡುತ್ತಿರುವಾಗ ಆ ದಪ್ಪ ಕಲ್ಲುಗೋಡೆಯ ಒಳಗೆ ಎಷ್ಟು ತಂಪಿದೆ ಎಂಬುದು ಕಾಣಲಿಲ್ಲ. ಬಾವಿಯ ನೀರು ಕಂಡಿತು. ಅದು ಸಿಹಿಯೋ ಸವುಳೋ ತಿಳಿಯಲಿಲ್ಲ. ಕಾರ್ಖಾನೆಗಳ ಸಮೀಪದ ಊರುಗಳಲ್ಲಿ ಗಾಳಿ ಬೀಸುವ ದಿಕ್ಕನ್ನು ಅನುಸರಿಸಿ ಕಿಟಕಿಯ ಮೇಲೆ ಕೂರುವ ಬೂದುಧೂಳನ್ನು ಒಂದೇ ಬೆರಳಿನಿಂದ ಅಳೆಯಬಹುದು, ಚಿತ್ರದಿಂದ ಅಳೆಯಲಾಗದು. ಋತುವಿನ ಮಾತು ಇನ್ನೂ ಮುಖ್ಯ. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ನದಿಗಳು ಉಕ್ಕಿ ಹರಿದು ಕಲಬುರಗಿ ಜಿಲ್ಲೆಯ ಅನೇಕ ಊರುಗಳಿಗೆ ನೀರು ನುಗ್ಗಿತ್ತು. ಮೇ ತಿಂಗಳಲ್ಲಿ ತೆಗೆದ ವಿಡಿಯೊದಲ್ಲಿ ಅಕ್ಟೋಬರ್‌ನ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಕಾಣುವುದಿಲ್ಲ. ಕೇಳಿ ತಿಳಿಯಬೇಕು, ಕೇಳಲು ನೆರೆಯವರು ಬೇಕು.

ಅಂದು ಆ ಕೆಲಸವನ್ನು ಮಾಡಿದ್ದು ಫೋನು ಹಿಡಿದ ಹುಡುಗಿ. ದೇವರ ಕೋಣೆ, ಹಿತ್ತಲು ಎಲ್ಲ ತೋರಿಸಿದ ಮೇಲೆ ಯಾರೂ ಕೇಳದೆಯೇ ಆಕೆ ಅಡುಗೆಮನೆಯ ಮೂಲೆಗೆ ಹೋಗಿ ಫೋನನ್ನು ಮೇಲಕ್ಕೆತ್ತಿದಳು. ‘ಕಾಕಾ, ಇಲ್ಲಿ ನೋಡ್ರಿ. ಮಳಿಗಾಲದಾಗ ಈ ಮೂಲಿ ಸೋರ್ತದ. ಜಂತಿನೂ ಹುಳ ತಿಂದದ’ ಎಂದಳು. ಅಮೆರಿಕದಿಂದ ಕಿರಿಯ ಮಗ ಸಿಡುಕಿನಿಂದ, ಅದನ್ನೆಲ್ಲ ಆಮೇಲೆ ಮಾತಾಡಿದರಾಯಿತು ಎಂದ. ಸೊಲ್ಲಾಪುರದ ಹಿರಿಯರು ಮಾತ್ರ, ‘ಇನ್ನೊಮ್ಮಿ ತೋರಸವ್ವ ತಂಗಿ, ಸಾವಕಾಶ’ ಎಂದರು. ಆ ಮೂಲೆಯನ್ನು ನೋಡಿದ ಮೇಲೂ ಅವರು ಹಿಂದೆ ಸರಿಯಲಿಲ್ಲ. ರಿಪೇರಿಯ ಖರ್ಚಿನಷ್ಟು ಬೆಲೆ ತಗ್ಗಿಸಿ ಮಾತು ಮುಂದುವರಿಸಿದರು. ಒಂದು ದೋಷವನ್ನು ತಾವಾಗಿಯೇ ಹೇಳಿದವರು ಉಳಿದದ್ದನ್ನು ಮುಚ್ಚಿಟ್ಟಿರಲಾರರು ಎಂಬ ಭರವಸೆ ಅವರಿಗೆ ಬಂದಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸಂಗತಿ. 1970ರಲ್ಲಿ ಜಾರ್ಜ್ ಅಕರ್‌ಲಾಫ್ ಬಳಸಿದ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಬರೆದ ಪ್ರಬಂಧದ ತಿರುಳು ಇದೇ. ವಸ್ತುವಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದಾಗ ಕೊಳ್ಳುವವನು ಎಲ್ಲವನ್ನೂ ಕಳಪೆಯೆಂದೇ ಭಾವಿಸಿ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವಿನ ಒಡೆಯ ಮಾರಲು ಒಪ್ಪುವುದಿಲ್ಲ. ಮಾರುಕಟ್ಟೆಯಲ್ಲಿ ಕಳಪೆಯೇ ಉಳಿಯುತ್ತದೆ. ಮಾಹಿತಿಯ ಈ ಅಸಮತೆಯನ್ನು ವಿಶ್ಲೇಷಿಸಿದ್ದಕ್ಕಾಗಿ ಅಕರ್‌ಲಾಫ್, ಮೈಕೆಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಜ್ ಅವರಿಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ದೂರದಿಂದ ಮನೆ ನೋಡುವಾಗ ಈ ಅಸಮತೆ ಇಮ್ಮಡಿಸುತ್ತದೆ. ಆದ್ದರಿಂದ ದೋಷವನ್ನು ಮೊದಲೇ ತೋರಿಸುವುದು ಧರ್ಮವಷ್ಟೇ ಅಲ್ಲ, ಮಾರುವವನ ಹಿತವೂ ಹೌದು.

ಲಾಭದ ಕಡೆಯನ್ನೂ ಮರೆಯಬಾರದು. ಸಣ್ಣ ಊರಿನಲ್ಲಿ ಮನೆಗೆ ಗಿರಾಕಿಗಳು ವಿರಳ. ಅಕ್ಕಪಕ್ಕದವರು, ಬಂಧುಗಳು, ಊರಿನ ಒಬ್ಬಿಬ್ಬರು ಹಣವಂತರು ಇವರಿಷ್ಟೇ ಸೇರಿ ಬೆಲೆ ನಿರ್ಧರಿಸುತ್ತಾರೆ. ಗತಿಯಿಲ್ಲದೆ ಮಾರುವವನ ಅಸಹಾಯಕತೆ ಅವರೆಲ್ಲರಿಗೂ ತಿಳಿದಿರುತ್ತದೆ. ಮೊಬೈಲ್ ತೆರೆ ಈ ಕಿರಿದಾದ ಸಂತೆಯನ್ನು ಹಿಗ್ಗಿಸಿತು. ಸೊಲ್ಲಾಪುರದ ಗಿರಾಕಿ ಸಿಕ್ಕಿದ್ದರಿಂದಲೇ ಆ ಕುಟುಂಬಕ್ಕೆ ನ್ಯಾಯವಾದ ಬೆಲೆ ದೊರೆಯಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇದು ನಮ್ಮ ದೇಶಕ್ಕಷ್ಟೇ ಸೀಮಿತವಾದ ಬೆಳವಣಿಗೆಯಲ್ಲ. 2020ರ ಮೇ 13ರಂದು ಇಂಗ್ಲೆಂಡಿನಲ್ಲಿ ಮನೆಗಳ ಮಾರುಕಟ್ಟೆ ಮತ್ತೆ ತೆರೆದಾಗ, ಮೊದಲ ವೀಕ್ಷಣೆ ಸಾಧ್ಯವಾದಷ್ಟು ವಿಡಿಯೊ ಮೂಲಕವೇ ನಡೆಯಲಿ ಎಂದು ಅಲ್ಲಿನ ಸರ್ಕಾರವೇ ಸೂಚಿಸಿತು. ಅಮೆರಿಕದ ರೆಡ್‌ಫಿನ್ ಎಂಬ ಸಂಸ್ಥೆ ನಡೆಸಿದ ಸಮೀಕ್ಷೆಯ ಪ್ರಕಾರ, 2020ರಲ್ಲಿ ಮನೆ ಕೊಂಡವರಲ್ಲಿ ಶೇ 63ರಷ್ಟು ಮಂದಿ ತಾವು ಖುದ್ದಾಗಿ ಕಾಣದ ಮನೆಗೆ ಬೆಲೆ ಹೇಳಿದ್ದರು. ಆದರೆ ಅಮೆರಿಕದಲ್ಲಿ ತೆರೆಯ ಹಿಂದೆ ಬೇರೆ ವ್ಯವಸ್ಥೆಗಳಿವೆ. ಮನೆಯ ಸ್ಥಿತಿಯನ್ನು ಪರೀಕ್ಷಿಸಿ ವರದಿ ಕೊಡುವ ವೃತ್ತಿನಿರತರಿದ್ದಾರೆ. ಹಕ್ಕಿನಲ್ಲಿ ದೋಷ ಕಂಡುಬಂದರೆ ನಷ್ಟ ತುಂಬಿಕೊಡುವ ವಿಮೆಯಿದೆ. ಚಿತ್ತಾಪುರದಲ್ಲಿ ತೆರೆಯ ಹಿಂದೆ ಇದ್ದದ್ದು ಎದುರು ಮನೆಯ ಹುಡುಗಿಯ ಪ್ರಾಮಾಣಿಕತೆ ಮಾತ್ರ. ಅಂಥ ಹುಡುಗಿ ಎಲ್ಲ ಬೀದಿಗಳಲ್ಲೂ ಸಿಗುತ್ತಾಳೆಂದು ನಂಬಿ ಕಾನೂನು ರಚಿಸಲಾಗದು.

ಹಾಗಾದರೆ ಕಾನೂನು ಏನು ಹೇಳುತ್ತದೆ? 1882ರ ಆಸ್ತಿ ವರ್ಗಾವಣೆ ಅಧಿನಿಯಮದ 55ನೇ ಕಲಂ, ಮಾರುವವನ ಮೊದಲ ಕರ್ತವ್ಯವನ್ನು ಸ್ಪಷ್ಟವಾಗಿ ಗುರುತಿಸಿದೆ. ತನಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಆತನ ಗಮನಕ್ಕೆ ಬಾರದಂಥ ಮುಖ್ಯ ದೋಷವನ್ನು ಆಸ್ತಿಯಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದರೆ ಮಾರುವವನು ತಿಳಿಸಲೇಬೇಕು. ತಿಳಿಸದಿದ್ದರೆ ಅದು ವಂಚನೆ. ಇಲ್ಲಿ ‘ಸಾಮಾನ್ಯ ಎಚ್ಚರಿಕೆ’ ಎಂಬ ಮಾತು ಮುಖ್ಯ. ಬಂದು ನೋಡಬಲ್ಲವನ ಸಾಮಾನ್ಯ ಎಚ್ಚರಿಕೆ ಬೇರೆ, ಬರಲು ನಿಷೇಧವಿರುವವನ ಸಾಮಾನ್ಯ ಎಚ್ಚರಿಕೆ ಬೇರೆ. ಸೋರುವ ಮೂಲೆ ಬಂದವನ ಕಣ್ಣಿಗೆ ತಾನಾಗಿಯೇ ಬೀಳುತ್ತದೆ. ಫೋನಿನಲ್ಲಿ ನೋಡುವವನಿಗೆ ಫೋನು ಅತ್ತ ತಿರುಗಿದರೆ ಮಾತ್ರ ಕಾಣುತ್ತದೆ. ಎಂದ ಮೇಲೆ ದೂರದಿಂದ ತೋರಿಸುವವನ ಹೊಣೆ ಹೆಚ್ಚಬೇಕಾದದ್ದು ನ್ಯಾಯ. ಈ ಅರ್ಥವನ್ನು ಕಾನೂನಿನಲ್ಲೇ ಬರೆಯುವುದು ಒಳಿತು.

ಗೋಡೆ, ಸೂರುಗಳಿಗಿಂತ ಕ್ಲಿಷ್ಟವಾದದ್ದು ಹಕ್ಕಿನ ಪ್ರಶ್ನೆ. ಆ ಮನೆಯ ಮೂಲ ಖರೀದಿ ಪತ್ರ ನಿಜಾಮರ ಕಾಲದ್ದು, ಉರ್ದುವಿನಲ್ಲಿತ್ತು. ಹುಡುಗಿ ಅದನ್ನು ಕ್ಯಾಮೆರಾದ ಮುಂದೆ ಹಿಡಿದಳು. ಮುದ್ರೆ ಎಲ್ಲರಿಗೂ ಕಂಡಿತು, ಬರಹ ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಹತ್ತಿರದ ಓಣಿಯ ನಿವೃತ್ತ ಉರ್ದು ಶಿಕ್ಷಕರೊಬ್ಬರಿಂದ ಅದನ್ನು ಓದಿಸಲಾಯಿತು. ಅದರಲ್ಲಿ ಒಂದು ಸಂಗತಿ ಹೊರಬಿತ್ತು: ಪಶ್ಚಿಮದ ನೆರೆಮನೆಯ ಮಾಳಿಗೆಯ ಮಳೆನೀರು ಈ ಮನೆಯ ಹಿತ್ತಲ ಮೂಲಕ ಹರಿದು ಹೋಗಲು ಹಕ್ಕಿತ್ತು. ಯಾವ ವಿಡಿಯೊ ಕೂಡ ಅದನ್ನು ತೋರಿಸುತ್ತಿರಲಿಲ್ಲ. ನೋಂದಾಯಿತ ವ್ಯವಹಾರಗಳನ್ನಷ್ಟೇ ಹೇಳುವ ಋಣಭಾರ ಪ್ರಮಾಣಪತ್ರದಲ್ಲೂ ಅದು ಸಿಗುತ್ತಿರಲಿಲ್ಲ.

ನಮ್ಮ ಹಿರಿಯರಿಗೆ ಈ ಸಮಸ್ಯೆಯ ಅರಿವಿತ್ತು. ಕ್ರಯಪತ್ರದಲ್ಲಿ ಬರೆಯುವ ಚಕ್ಕುಬಂದಿಯನ್ನೇ ನೋಡಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥ ಬಾವಿ, ಉತ್ತರಕ್ಕೆ ಸರ್ಕಾರಿ ರಸ್ತೆ ಎಂದು ನಾಲ್ಕು ದಿಕ್ಕುಗಳನ್ನು ಹೇಳಿ, ಕೊನೆಗೆ ಸಾಕ್ಷಿಗಳ ರುಜು ಹಾಕಿಸುವ ಪದ್ಧತಿ, ಜಾಗವನ್ನು ಎಂದೂ ನೋಡದವನಿಗೂ ಅದನ್ನು ಗುರುತಿಸಿಕೊಡುವ ಉಪಾಯ. ದಾನಶಾಸನಗಳಲ್ಲಿ ಭೂಮಿಯ ಎಲ್ಲೆಗಳನ್ನು ಹೇಳುವ ವಾಡಿಕೆಯ ಹಿಂದೆಯೂ ಇದೇ ವಿವೇಕವಿದೆ. ಚಿತ್ತಾಪುರದ ಪಕ್ಕದಲ್ಲೇ ಇರುವ ನಾಗಾವಿಯ ಘಟಿಕಾಸ್ಥಾನ, ಅಲ್ಲಿನ 11ನೇ ಶತಮಾನದ ಶಾಸನ ನಮಗೆ ತಿಳಿದೇ ಇವೆ. ಕಲ್ಲಿನ ಮೇಲೆ ಬರೆದರೂ ಕಾಗದದ ಮೇಲೆ ಬರೆದರೂ ಎಲ್ಲೆ ಮತ್ತು ಸಾಕ್ಷಿ ಎರಡನ್ನೂ ಬಿಡಬಾರದು ಎಂಬುದು ಇಲ್ಲಿನ ಪರಂಪರೆ. ವಿಡಿಯೊ ಈ ಪರಂಪರೆಗೆ ಪೂರಕವಾಗಬಹುದು, ಪರ್ಯಾಯವಾಗಲಾರದು.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಎದ್ದದ್ದು ಕರೆಯ ಕೊನೆಯಲ್ಲಿ. ‘ಮಗಳದು ಸಹಿ ಯಾವಾಗ?’ ಎಂದು ಸೊಲ್ಲಾಪುರದವರು ಕೇಳಿದರು. ಅತ್ತ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಪುಣೆಯ ಮಗಳನ್ನು ಕರೆಗೆ ಸೇರಿಸಿರಲಿಲ್ಲ. ಆಕೆಯ ಮದುವೆಯಾಗಿ ಇಪ್ಪತ್ತು ವರ್ಷವಾಯಿತು, ಆಕೆಯ ತಕರಾರೇನೂ ಇಲ್ಲ ಎಂಬ ಉತ್ತರ ಬಂತು. ನಮ್ಮ ಸಮಾಜದಲ್ಲಿ ಈ ಉತ್ತರವನ್ನು ಕೇಳದ ಉಪನೋಂದಣಾಧಿಕಾರಿ ಇರಲಾರರು.

ಕಾನೂನು ಇದನ್ನು ಒಪ್ಪುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ, ಉಯಿಲು ಬರೆಯದೆ ತೀರಿಹೋದ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಾನ ಹಕ್ಕನ್ನು 2005ರ ತಿದ್ದುಪಡಿ ನೀಡಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಜೀವಂತವಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ನೀಡಿದ್ದು 2020ರ ಆಗಸ್ಟ್ 11ರಂದು, ಅಂದರೆ ಸಾಂಕ್ರಾಮಿಕದ ನಡುವೆಯೇ. ಹೆಣ್ಣುಮಕ್ಕಳ ಹಕ್ಕು ನ್ಯಾಯಾಲಯದಲ್ಲಿ ಗಟ್ಟಿಯಾದ ಅದೇ ಕಾಲದಲ್ಲಿ, ಅವರು ತವರಿಗೆ ಬಂದು ತಮ್ಮ ಹಕ್ಕನ್ನು ಕೇಳುವ ದಾರಿ ಮುಚ್ಚಿತ್ತು. ತೆರೆಯ ಮೇಲೆ ಮನೆಯನ್ನು ತೋರಿಸುವುದು ಸುಲಭವಾದಷ್ಟೂ, ತೆರೆಯಿಂದ ಒಬ್ಬ ಹಕ್ಕುದಾರಳನ್ನು ಹೊರಗಿಡುವುದೂ ಸುಲಭವಾಗುತ್ತದೆ.

ಆ ಪ್ರಕರಣದಲ್ಲಿ ಕೊಳ್ಳುವವರು ಪಟ್ಟು ಹಿಡಿದರು. ಮರುದಿನದ ಕರೆಯಲ್ಲಿ ಮಗಳೂ ಇದ್ದಳು. ಅಣ್ಣನ ಚಿಕಿತ್ಸೆಗೆ ತುರ್ತಾಗಿ ಬೇಕಾದ ಹಣವನ್ನು ಮೊದಲು ಕೊಡಲು ಒಪ್ಪಿದ ಆಕೆ, ಉಳಿದದ್ದರಲ್ಲಿ ತನ್ನ ಪಾಲನ್ನು ಕೇಳಿಯೇ ಪಡೆದಳು. ಇದರಿಂದ ಯಾರಿಗೂ ಮುನಿಸಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆಕೆಯನ್ನು ಬಿಟ್ಟು ಬರೆದ ಪತ್ರ ಮುಂದೆ ನ್ಯಾಯಾಲಯದ ಮೆಟ್ಟಿಲೇರಿ, ಕೊಂಡವರೂ ಮಾರಿದವರೂ ವರ್ಷಾನುಗಟ್ಟಲೆ ಅಲೆಯುವುದು ತಪ್ಪಿತು. ಮುಂಗಡಕ್ಕೆ ಕರಾರು ಪತ್ರವಾಯಿತು. ಜುಲೈನಲ್ಲಿ, ನಿರ್ಬಂಧ ಸಡಿಲಗೊಂಡ ಮೇಲೆ, ಸೊಲ್ಲಾಪುರದವರು ಖುದ್ದಾಗಿ ಬಂದು ಮನೆಯನ್ನು ಸುತ್ತಿ ನೋಡಿ ಬಾಕಿ ಹಣ ಕೊಟ್ಟರು.

ವಿಡಿಯೊದಲ್ಲಿ ಮುಗಿದ ಮಾತು ರಿಜಿಸ್ಟರಿನಲ್ಲಿ ಮುಗಿಯಲು ಇಷ್ಟು ಕಾಲ ಹಿಡಿದದ್ದಕ್ಕೆ ಕಾರಣವಿದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. 1908ರ ನೋಂದಣಿ ಅಧಿನಿಯಮದಂತೆ ಪಕ್ಷಗಾರರು ಅಥವಾ ಅವರ ಮುಖ್ತ್ಯಾರರು ಕಚೇರಿಗೆ ಹಾಜರಾಗಬೇಕು. ಭಾವಚಿತ್ರ, ಬೆರಳಚ್ಚು ನೀಡಬೇಕು. ಕಾಯಿಲೆಯವರ ಮನೆಗೆ ಅಧಿಕಾರಿ ಹೋಗಲು ಅವಕಾಶವಿದ್ದರೂ ಸೋಂಕಿನ ಕಾಲದಲ್ಲಿ ಅದು ಕಾಗದದ ಮೇಲಿನ ಅವಕಾಶ. ವಿದೇಶದಲ್ಲಿರುವವರು ಅಲ್ಲಿನ ನೋಟರಿ ಅಥವಾ ಭಾರತೀಯ ಕಾನ್ಸುಲ್ ಅಧಿಕಾರಿಯ ಮುಂದೆ ಮುಖ್ತ್ಯಾರ ಪತ್ರಕ್ಕೆ ರುಜು ಹಾಕಿ ಕಳುಹಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬೇಸತ್ತ ಕೆಲವರು ಮುಖ್ತ್ಯಾರ ಪತ್ರವನ್ನೇ ಮಾರಾಟ ಪತ್ರವೆಂದು ಭಾವಿಸುವುದುಂಟು. ಅದರಿಂದ ಮಾಲೀಕತ್ವ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

ಅಂದಿನಿಂದ ಕರ್ನಾಟಕದಲ್ಲಿ ಹಲವು ಸುಧಾರಣೆಗಳಾಗಿವೆ. 2023ರಲ್ಲಿ ಕಾವೇರಿ 2.0 ತಂತ್ರಾಂಶ ಬಂತು. 2024ರಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಜಿಲ್ಲೆಯ ಯಾವುದೇ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವ ಸೌಲಭ್ಯವೂ ಅದೇ ವರ್ಷ ರಾಜ್ಯದಾದ್ಯಂತ ವಿಸ್ತರಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರದ ಭೂಸಂಪನ್ಮೂಲ ಇಲಾಖೆ ಹೊಸ ನೋಂದಣಿ ಮಸೂದೆಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ಆನ್‌ಲೈನ್ ನೋಂದಣಿಗೆ ಅವಕಾಶ ಕಲ್ಪಿಸುವುದು ಅದರ ಉದ್ದೇಶಗಳಲ್ಲೊಂದು. ಸಾಂಕ್ರಾಮಿಕದ ಅನಿವಾರ್ಯತೆಯಲ್ಲಿ ಹುಟ್ಟಿದ ರೂಢಿ ಹೀಗೆ ಶಾಶ್ವತ ವ್ಯವಸ್ಥೆಯ ಕಡೆಗೆ ಸಾಗುತ್ತಿದೆ. ಇದು ಸ್ವಾಗತಾರ್ಹ. ಆದರೆ ಅನುಕೂಲದ ಜೊತೆಗೆ ರಕ್ಷಣೆಯೂ ಬರಬೇಕು.

ನನ್ನ ದೃಷ್ಟಿಯಲ್ಲಿ ಮೂರು ಕ್ರಮಗಳು ಅಗತ್ಯ. ಮೊದಲನೆಯದಾಗಿ, ಮನೆ ಮಾರುವವನು ಸೋರಿಕೆ, ಬಿರುಕು, ನೀರಿನ ಮೂಲ, ನೆರೆ ಬಂದ ಇತಿಹಾಸ, ಜಂಟಿ ಗೋಡೆ, ನೆರೆಯವರ ದಾರಿ ಮತ್ತು ನೀರಿನ ಹಕ್ಕು ಇವುಗಳ ಬಗ್ಗೆ ಲಿಖಿತ ಹೇಳಿಕೆ ನೀಡಿ, ಅದನ್ನು ಕ್ರಯಪತ್ರಕ್ಕೆ ಲಗತ್ತಿಸುವಂತಾಗಬೇಕು. 55ನೇ ಕಲಂನ ಹೊಣೆಗೆ ಇದರಿಂದ ಪುರಾವೆ ಒದಗುತ್ತದೆ. ಎರಡನೆಯದಾಗಿ, ಜಮೀನಿನ ಅಳತೆಗೆ ಪರವಾನಗಿ ಪಡೆದ ಭೂಮಾಪಕರಿರುವಂತೆ, ಕಟ್ಟಡದ ಸ್ಥಿತಿಯನ್ನು ನೋಡಿ ಗೊತ್ತುಪಡಿಸಿದ ಶುಲ್ಕಕ್ಕೆ ವರದಿ ನೀಡಬಲ್ಲ ತಂತ್ರಜ್ಞರು ತಾಲ್ಲೂಕು ಮಟ್ಟದಲ್ಲಿ ದೊರೆಯಬೇಕು. ಡಿಪ್ಲೊಮಾ ಓದಿ ಕೆಲಸಕ್ಕಾಗಿ ಪುಣೆಯ ಹಾದಿ ಹಿಡಿಯುವ ಇಲ್ಲಿನ ತರುಣ ತರುಣಿಯರಿಗೆ ಇದು ಉದ್ಯೋಗವೂ ಆದೀತು.

ಮೂರನೆಯದು ಅತಿ ಮುಖ್ಯ. ಹಕ್ಕುದಾರರ ಒಪ್ಪಿಗೆಯನ್ನು ಮನೆಯಿಂದ ಮಾಡಿದ ವಿಡಿಯೊ ಕರೆಯಲ್ಲಿ ಪಡೆಯುವ ಪದ್ಧತಿಗೆ ಎಂದೂ ಅವಕಾಶ ಕೊಡಬಾರದು. ಕ್ಯಾಮೆರಾದ ಮುಂದೆ ‘ಒಪ್ಪಿಗೆಯಿದೆ’ ಎನ್ನುವ ಹೆಣ್ಣುಮಗಳ ಪಕ್ಕದಲ್ಲಿ, ಚೌಕಟ್ಟಿನ ಆಚೆ, ಯಾರು ನಿಂತಿದ್ದಾರೆಂಬುದು ಅಧಿಕಾರಿಗೆ ಕಾಣುವುದಿಲ್ಲ. ಆಕೆ ಇರುವ ಊರಿನ ಸಮೀಪದ ಉಪನೋಂದಣಿ ಕಚೇರಿಗೆ, ಅದು ಬೇರೆ ರಾಜ್ಯದಲ್ಲಿದ್ದರೂ ಸರಿ, ಖುದ್ದಾಗಿ ಹೋಗಿ, ಅಧಿಕಾರಿಯ ಎದುರು ಒಬ್ಬಳೇ ಕುಳಿತು ಹೇಳಿಕೆ ನೀಡಲಿ. ಆ ಹೇಳಿಕೆ ಚಿತ್ತಾಪುರದ ಕಡತಕ್ಕೆ ವಿದ್ಯುನ್ಮಾನ ಮಾರ್ಗದಲ್ಲಿ ಬರಲಿ. ಪ್ರಯಾಣದ ಶ್ರಮವೂ ಉಳಿಯುತ್ತದೆ, ಒತ್ತಾಯದ ಭಯವೂ ತಪ್ಪುತ್ತದೆ. ಮೂಲ ಚಿತ್ತಾಪುರದ್ದಾದರೂ ಪುಣೆಯಲ್ಲಿ ಬದುಕು ಕಟ್ಟಿಕೊಂಡ ಮಗಳಿಗೆ ತವರಿನ ಮನೆಯಲ್ಲಿರುವ ಪಾಲು ಆಕೆಯ ಗೈರುಹಾಜರಿಯಲ್ಲಿ ಕರಗಿಹೋಗದು.

ಕೇಂದ್ರದ ಮಸೂದೆ ಕಾಯಿದೆಯಾಗುವ ಮುನ್ನ ರಾಜ್ಯ ಸರ್ಕಾರ ಈ ಅಂಶಗಳನ್ನು ಒತ್ತಿ ಹೇಳಬೇಕು. ಭೂಮಿ ಯೋಜನೆಯ ಮೂಲಕ ಪಹಣಿಗಳನ್ನು ಗಣಕೀಕರಿಸುವುದರಲ್ಲಿ ದೇಶಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟ ಕರ್ನಾಟಕದ ಮಾತಿಗೆ ಈ ವಿಷಯದಲ್ಲಿ ತೂಕವಿದೆ. ಊರು ಬಿಟ್ಟವರ ಸಂಖ್ಯೆ ದಿನೇ ದಿನೇ ಹೆಚ್ಚುತ್ತಿರುವ ಕಲ್ಯಾಣ ಕರ್ನಾಟಕದ ತಾಲ್ಲೂಕುಗಳಲ್ಲಿ ಇನ್ನು ಮುಂದೆ ಮನೆಗಳು ಹೆಚ್ಚಾಗಿ ಕೈಬದಲಾಗುವುದು ದೂರದಲ್ಲಿರುವವರ ನಡುವೆಯೇ. ಅವರು ಒಬ್ಬರ ಮುಖ ಒಬ್ಬರು ನೋಡದೆಯೂ ನ್ಯಾಯವಾಗಿ ವ್ಯವಹರಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಮುಂದಿನ ಸಂಕಟ ಬರುವವರೆಗೆ ಅದನ್ನು ಮುಂದೂಡಬಾರದು.